ಸೊಸೆ ಕಳೆದುಕೊಂಡ ವರ್ಷ

ನನ್ನ ಸೊಸೆಯ ಬೆರಳ ಗಿಣ್ಣುಗಳು ಸದಾ ಒಡೆದಿರುತ್ತಿದ್ದವು. ಡಲ್ಲಾಸಿನ ಆಸ್ಪತ್ರೆಯಲ್ಲಿ ದಿನವಿಡೀ ಕೈ ತೊಳೆದು ತೊಳೆದು ಚರ್ಮ ಬಿರಿದಿತ್ತು. ಊರಾಚೆ ಮೆಕಿನ್ನಿಯ ನಮ್ಮ ಮನೆಗೆ ಬಂದು ರೊಟ್ಟಿಯ ಹಿಟ್ಟು ನಾದಲು ಬಿಸಿನೀರು ಮುಟ್ಟಿದರೆ "ಸ್ಸ್" ಎನ್ನುತ್ತಿದ್ದಳು. ಯಾರಾದರೂ ನೋಡಿದರೆ ನಕ್ಕುಬಿಡುತ್ತಿದ್ದಳು.

ಅವಳು ಅಲ್ಲಿ ನರ್ಸುಗಳಿಗೆ ಸಹಾಯಕಿ. ನಲವತ್ತರ ಹತ್ತಿರ ಬಂದಾಗ ಆಸ್ಪತ್ರೆಯವರ ಒಂದು ಯೋಜನೆಗೆ ಸೇರಿದಳು. ವಾರದಲ್ಲಿ ಕೆಲವು ದಿನ ವಾರ್ಡಿನ ಕೆಲಸ, ಉಳಿದ ದಿನ ಪದವಿಯ ಓದು, ಸಂಬಳವೂ ಉಂಟು. ಕಡೆಗೆ ಒಂದು ವಾರ್ಡನ್ನೇ ನಡೆಸುವಷ್ಟು ತಯಾರಾಗಬೇಕು. ಇದಕ್ಕೆ ಅಪ್ರೆಂಟಿಸ್ ಎನ್ನುತ್ತಾರೆಂದು ಕೇಳಿ ನನ್ನ ಮುಖ ಸಣ್ಣದಾಯಿತು. ಹುಬ್ಬಳ್ಳಿಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಬಟ್ಟೆ ಅಂಗಡಿಯಲ್ಲಿ ಜೀವ ತೇಯ್ದ ನನಗೆ ಅಪ್ರೆಂಟಿಸ್ ಎಂದರೆ ವರ್ಕ್‌ಶಾಪಿನಲ್ಲಿ ಎಣ್ಣೆ ಮೆತ್ತಿಕೊಂಡ ಹುಡುಗರು. ಅಲ್ಲೇ ಹತ್ತಿರದ ಯೂಲೆಸ್ ಊರಿನಲ್ಲಿದ್ದ ಬೆಂಗಳೂರಿನ ಗೆಳೆಯ ಸುಮ್ಮನಿರುತ್ತಾನೆಯೆ? "ಏನ್ ಸಾರ್, ಸೊಸೆ ಇನ್ನೂ ಅಪ್ರೆಂಟಿಸ್ಸಾ? ನಮ್ಮ ಮೊಮ್ಮಗನೇ ಮ್ಯಾನೇಜರ್ ಆಗ್ಬಿಟ್ಟ!"

ವಾರ್ಡಿನಲ್ಲಿ ಬೆಳಗಿನ ಸಭೆ ಅವಳೇ ನಡೆಸಬೇಕಿತ್ತು. ಕಲಿಸುವ ಹಿರಿಯ ನರ್ಸ್ ಹಿಂದೆ ನಿಂತಿರುತ್ತಿದ್ದರಂತೆ. ಇವಳು ತಡವರಿಸಿದರೂ ಬಾಯಿ ಹಾಕುತ್ತಿರಲಿಲ್ಲ. ಆ ಸಭೆಯಲ್ಲಿ ನೆಲ ಒರೆಸುವವರು ಮೊದಲು ಮಾತಾಡಬೇಕು, ಡಾಕ್ಟರು ಕಟ್ಟಕಡೆಗೆ. ಈ ಪದ್ಧತಿಯನ್ನು ಸೊಸೆ ಮನೆಗೂ ತಂದಳು.

ಒಂದು ಭಾನುವಾರ ಆ ಗೆಳೆಯ ಊಟಕ್ಕೆ ಬಂದಿದ್ದ. ಬೇಸಿಗೆ ರಜೆಗೆ ಊರಿಗೆ ಹೋಗುವ ಮಾತೆದ್ದಿತು. ನಾನು ಗಂಟಲು ಸರಿಮಾಡಿಕೊಂಡೆ. ಸೊಸೆ ಮೊಮ್ಮಗಳ ಕಡೆ ತಿರುಗಿ, "ಪುಟ್ಟಿ, ಮೊದಲ ನೀ ಹೇಳವಾ" ಎಂದಳು.

"ಮನಿ ಹಿರ್ಯಾ ನಾ ಇಲ್ಲೇ ಕುಂತೀನಿ" ಎಂದೆ.

"ಅದಕ್ಕ ನೀವು ಕಡೀಕ ಹೇಳ್ರಿ ಮಾವಾರ. ನೀವು ಹೇಳಿದ ಮ್ಯಾಲೆ ಮತ್ಯಾರೂ ಬಾಯಿ ತೆಗಿಯೂದಿಲ್ಲ."

"ಅಜ್ಜ ಈಸ್ ಸೋ ಆ್ಯಂಗ್ರಿ!" ಎಂದಿತು ಮಗು. ಗೆಳೆಯ ಅನ್ನ ನೆತ್ತಿಗೇರುವಷ್ಟು ನಕ್ಕ. ನಾನು ತಟ್ಟೆ ಬಿಟ್ಟು ಎದ್ದೆ.

ಅದೇ ವಾರ ಅವಳ ಕೊನೆಯ ಪರೀಕ್ಷೆ. ಹೂಸ್ಟನ್ನಿನ ಮುಖ್ಯ ಆಸ್ಪತ್ರೆಯಿಂದ ಬಂದ ದೊಡ್ಡವರ ಮುಂದೆ, ತಾನು ವಾರ್ಡಿನಲ್ಲಿ ಏನು ಬದಲಿಸಿದೆ ಎಂದು ತೋರಿಸಬೇಕು. ತಪ್ಪಿದರೆ ಮುಂದಿನ ವರ್ಷವೇ. ಮಗ ಕೆಲಸದ ಮೇಲೆ ದೂರದ ರೌಂಡ್ ರಾಕ್ ಊರಿಗೆ ಹೋಗಿದ್ದ, ಮಗು ಶಾಲೆಗೆ. ಸೊಸೆ ಕಾರಿನ ಕೀಲಿ ತೆಗೆದುಕೊಂಡಾಗ ನಾನು ಸೋಫಾದಲ್ಲಿ ಕುಸಿದು, "ಎದಿ ಹಿಡದೈತವಾ" ಎಂದೆ.

ಎದೆಗೆ ಏನೂ ಆಗಿರಲಿಲ್ಲ. ಸಂಕಟವೆಲ್ಲ ಭಾನುವಾರದ್ದು.

ಅವಳು ನಾಡಿ ಹಿಡಿದಳು. ನನ್ನ ಕಣ್ಣನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಆಂಬುಲೆನ್ಸ್ ಕರೆಸಿ, ಜೊತೆಗೇ ಹತ್ತಿದಳು. ಆಸ್ಪತ್ರೆಯಲ್ಲಿ ಎದೆಗೆ ವೈರು ಅಂಟಿಸಿದರು, ರಕ್ತ ತೆಗೆದರು, ಏನೂ ಇಲ್ಲವೆಂದು ಕಳಿಸಿದರು. ಅಷ್ಟರಲ್ಲಿ ಅವಳ ಪರೀಕ್ಷೆ ಮುಗಿದಿತ್ತು.

ಜೊತೆಗೆ ಕಲಿತವರು ಮೇಲೆ ಹೋದರು. ಇವಳು ಮತ್ತೊಂದು ವರ್ಷ ರೋಗಿಗಳ ಹಾಸಿಗೆ ಬದಲಿಸಿದಳು, ಮೈ ಒರೆಸಿದಳು. ಒಂದು ದಿನವೂ ನನ್ನ ಮೇಲಿನ ಸಿಟ್ಟಿಗೆ ಪಾತ್ರೆ ಕುಕ್ಕಲಿಲ್ಲ. ಸಂಜೆ ಬಂದು, "ಬಿಪಿ ಗುಳಿಗಿ ತಗೊಂಡ್ರ್ಯಾ ಮಾವಾರ?" ಎಂದೇ ಕೇಳುತ್ತಿದ್ದಳು. ಆ ಪ್ರಶ್ನೆ ಕೇಳಿ ಕೇಳಿ ನಾನು ಬಳಲಿಹೋದೆ.

ಮರುವರ್ಷ ಪಾಸಾದಳು. ಹೂಸ್ಟನ್ನಿನಲ್ಲಿ ಒಂದು ವಾರ್ಡಿನ ಜವಾಬ್ದಾರಿ ಸಿಕ್ಕಿತು. ಆ ಸುದ್ದಿ ಬಂದ ದಿನ ಅಡುಗೆಮನೆಯಲ್ಲಿ ಅವಳೊಬ್ಬಳೇ ಇದ್ದಾಗ, ನನಗೆ ಅವತ್ತು ನೋವೇ ಇರಲಿಲ್ಲ ಎಂದು ಹೇಳಿಬಿಟ್ಟೆ.

"ನನಗ ಗೊತ್ತಿತ್ರಿ" ಎಂದಳು.

"ಮತ್ತ್ಯಾಕ ಬಿಟ್ಟು ಹೋಗಲಿಲ್ಲವಾ?"

"ಗೊತ್ತಿತ್ತು ಅಂದ್ರ, ಹಂಗ ಅನಿಸಿತ್ತು. ಖರೇನ ನೋವಿದ್ದಿದ್ರ? ನಿಮ್ಮನ್ನ ಇಲ್ಲಿ ಬಿಟ್ಟು, ಅಲ್ಲಿ ಹೋಗಿ ಪೇಶಂಟ್ಸನ್ನ ಹೆಂಗ ನೋಡ್ಕೋಬೇಕು ಅಂತ ನಾ ಯಾವ ಬಾಯಿಲೆ ಹೇಳ್ಲಿ?"

ಅವಳು ರೊಟ್ಟಿಯ ಹಿಟ್ಟು ನಾದತೊಡಗಿದಳು. ಮಗನಿಗೆ ಇಂದಿಗೂ ಗೊತ್ತಿಲ್ಲ. ಅವಳು ಹೇಳಿಲ್ಲ, ನನಗೆ ಧೈರ್ಯವಾಗಿಲ್ಲ. ಈಗ ನಾವೆಲ್ಲ ಹೂಸ್ಟನ್ನಿನಲ್ಲಿದ್ದೇವೆ, ಅವಳ ಕೈಕೆಳಗೆ ಇಬ್ಬರು ಅಪ್ರೆಂಟಿಸ್‌ಗಳು ಕಲಿಯುತ್ತಿದ್ದಾರೆ. ಅವರಲ್ಲಿ ಒಬ್ಬರ ಮಾವನಿಗೆ ಹುಷಾರಿಲ್ಲದೆ ಪರೀಕ್ಷೆ ತಪ್ಪುವಂತಾದಾಗ, ಮೇಲಿನವರೊಡನೆ ಜಗಳಾಡಿ ಇನ್ನೊಂದು ದಿನ ಕೊಡಿಸಿದಳಂತೆ. ಮಗ ಅದನ್ನು ಊಟಕ್ಕೆ ಕೂತಾಗ ಹೆಮ್ಮೆಯಿಂದ ಹೇಳಿದ. ನಾನು ತಲೆ ಎತ್ತದೆ ತಟ್ಟೆಯ ಅನ್ನ ಕಲಸುತ್ತಾ ಕೂತೆ.