ಯಂಕಂಚಿಯ ಅಗಸಿಯ ತನಕ

ಓಟ ನನ್ನ ಹೊಟ್ಟೆಪಾಡು. ಹೀಗೆಂದರೆ ನಮ್ಮ ಸಿಂದಗಿಯಲ್ಲಿ ಇನ್ನೂ ನಗುತ್ತಾರೆ. "ಯಾರರ ಬೆನ್ನ ಹತ್ಯಾರೇನೋ?" ಎಂದು ಚಹಾದಂಗಡಿಯವರು ಕೇಳುತ್ತಾರೆ. ದೊಡ್ಡ ಊರುಗಳ ಹಾಫ್ ಮ್ಯಾರಥಾನ್‌ಗಳಲ್ಲಿ ಓಡಿ, ಗೆದ್ದರೆ ಗೆದ್ದೆ, ಇಲ್ಲದಿದ್ದರೆ ಮುಂದಿನ ನಾಲ್ಕಾರು ಮಂದಿಯಲ್ಲಿ ಉಳಿದು, ಬಂದದ್ದರಲ್ಲಿ ಬದುಕುವವನು ನಾನು. ಮೊದಲು ಬಸವನ ಬಾಗೇವಾಡಿಯ ಶಾಲಾ ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ಓಡಿದೆ. ಆಮೇಲೆ ಮುದ್ದೇಬಿಹಾಳದ ಕಾದ ಡಾಂಬರಿನ ಮೇಲೆ ಓಡಿ ಅಂಗಾಲಿಗೆ ಬೊಬ್ಬೆ ಎಬ್ಬಿಸಿಕೊಂಡೆ. ಇಂಡಿ ಊರಿನ ಒಬ್ಬ ನಿವೃತ್ತ ವ್ಯಾಯಾಮ ಶಿಕ್ಷಕರು ಕೈ ಹಿಡಿದ ಮೇಲೆ ಇದು ಕಸುಬಾಯಿತು. ಓಟ ಶುರುವಾದ ಮೇಲೆ ನಿಲ್ಲಬಾರದು ಎನ್ನುವುದು ಅವರ ಮೊದಲ ಪಾಠ. "ದಾರಿಯಾಗ ದೇವರು ಸಿಕ್ಕರೂ ನಿಲ್ಲಬ್ಯಾಡ, ಹೊಳ್ಳಿ ಬಂದು ಕೈ ಮುಗಿ" ಎನ್ನುತ್ತಿದ್ದರು. ನಾನು ಆ ಮಾತನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದೆನೆಂದರೆ, ದೇವರ ಮಾತಿರಲಿ, ಒಡಹುಟ್ಟಿದ ಅಕ್ಕನಿಗೂ ನಿಲ್ಲಲಿಲ್ಲ.

ಅಕ್ಕನನ್ನು ಯಂಕಂಚಿಗೆ ಕೊಟ್ಟಿದ್ದೇವೆ. ಸಿಂದಗಿಯಿಂದ ಅಲ್ಲಿಗೆ ಹೋಗಿ ಬರುವುದು ನನ್ನ ರವಿವಾರದ ಉದ್ದದ ಓಟಕ್ಕೆ ಹೇಳಿ ಮಾಡಿಸಿದ ದೂರ. ಊರಬಾಗಿಲು, ಅಂದರೆ ಅಗಸಿ, ಬಂದ ಕೂಡಲೇ ಕೈಗಡಿಯಾರದ ಗುಂಡಿ ಒತ್ತಿ ತಿರುಗಿಬಿಡುತ್ತಿದ್ದೆ. ಅಲ್ಲಿಂದ ಅವಳ ಮನೆಯ ಮಾಳಿಗೆ ಕಾಣುತ್ತದೆ. ಮೊದಮೊದಲು ಅಕ್ಕ ತಂಬಿಗೆಯಲ್ಲಿ ಮಜ್ಜಿಗೆ ಹಿಡಿದು ಅಗಸಿಯ ಹತ್ತಿರವೇ ನಿಂತಿರುತ್ತಿದ್ದಳು. ನಾನು ಕೈ ಬೀಸಿ, ಹಲ್ಲು ಕಿರಿದು, ಮಜ್ಜಿಗೆ ಮುಟ್ಟದೆ ಹೊರಟು ಹೋಗುತ್ತಿದ್ದೆ. ಕೆಲವು ವಾರಗಳಾದ ಮೇಲೆ ಅವಳು ಬರುವುದನ್ನು ಬಿಟ್ಟಳು.

ನಮ್ಮ ಕಡೆ ತವರಿನವರು ಊರ ತನಕ ಬಂದು ಮನೆಗೆ ಬಾರದೆ ಹೋದರೆ ಅದಕ್ಕೆ ಒಂದೇ ಅರ್ಥ, ಜಗಳ. "ತಮ್ಮ ಅಗಸಿಗೆ ಬಂದು ಹಂಗ ಹ್ವಾದನಂತಲ್ಲವಾ, ಏನ ಮಾತ ಬಂತು?" ಎಂದು ಓಣಿಯ ಹೆಂಗಸರು ಕೇಳುತ್ತಿದ್ದರಂತೆ. ಅಕ್ಕ ಅದನ್ನು ಫೋನಿನಲ್ಲಿ ನಗುತ್ತಲೇ ಹೇಳಿದ್ದಳು. "ಸೀಜನ್ ಮುಗೀಲಿ ಅಕ್ಕಾ, ಬರ್ತೇನಿ" ಎಂದಿದ್ದೆ. ನನ್ನ ಸೀಜನ್ ಎಂದೂ ಮುಗಿಯಲಿಲ್ಲ. ಅವಳ ಮಗನ ಹುಟ್ಟುಗೂದಲು, ಅಂದರೆ ಜವಳ, ತೆಗೆಯುವಾಗ ಕೂಸು ಸೋದರಮಾವನ ತೊಡೆಯ ಮೇಲೆ ಕೂಡಬೇಕು. ಆ ದಿನ ನಾನು ಯಾವುದೋ ಊರಿನಲ್ಲಿ ಮೂರನೆಯವನಾಗಿ ಓಟ ಮುಗಿಸುತ್ತಿದ್ದೆ. ಕೂಸು ದೂರದ ಸಂಬಂಧಿಯೊಬ್ಬನ ತೊಡೆಯ ಮೇಲೆ ಕೂತು ಅತ್ತಿತಂತೆ. ನಾಗರ ಪಂಚಮಿಗೆ ಅಕ್ಕನನ್ನು ತವರಿಗೆ ಕರೆತರುವುದು ತಮ್ಮನಾದ ನನ್ನ ಕೆಲಸ, ಆದರೆ ಪ್ರತಿ ವರ್ಷ ಅಪ್ಪನೇ ಹಬ್ಬದ ಸಿಹಿ ಉಂಡಿಯ ಡಬ್ಬಿ ಹಿಡಿದು ಬಸ್ಸು ಹತ್ತುತ್ತಿದ್ದ. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಾರೆ. ನಾನು ಊರಿಗೂ ಉಪಕಾರಿಯಾಗಿರಲಿಲ್ಲ.

ಹೋದ ಚಳಿಗಾಲದಲ್ಲಿ ಅಪ್ಪನಿಗೆ ಎದೆನೋವು ಬಂದು ವಿಜಯಪುರದಲ್ಲಿ ಆಪರೇಷನ್ ಆಯಿತು. ಕುರಿಯ ಹಿಂದೆ ಹಗಲೆಲ್ಲ ನಡೆದ ಮನುಷ್ಯ, ಅಂಗಳದಲ್ಲಿ ನಡೆಯಲೂ ಗೋಡೆ ಹಿಡಿಯತೊಡಗಿದ. ಅಕ್ಕ ದಿನಾ ಫೋನು ಮಾಡುತ್ತಿದ್ದಳು. ಅಪ್ಪ ಆರಾಮ ಇದ್ದೇನೆ ಎಂದರೂ ಅವಳಿಗೆ ನಂಬಿಕೆಯಿಲ್ಲ. ಅದಕ್ಕೂ ಕಾರಣವಿದೆ. ಎಲ್ಲರ ಕೈಯಲ್ಲಿ ಫೋನಿದ್ದರೂ ಕೊಟ್ಟ ಮಗಳಿಗೆ ಸಾವಿನ ಸುದ್ದಿಯನ್ನು ನಮ್ಮಲ್ಲಿ ಫೋನಿನಲ್ಲಿ ಹೇಳುವುದಿಲ್ಲ. ಯಾರಾದರೂ ಇದಕ್ಕೆಂದೇ ಮುದ್ದಾಂ ಹೋಗಿ, ಅಪ್ಪನಿಗೆ ಸ್ವಲ್ಪ ಆರಾಮಿಲ್ಲ, ನಡಿ ಎಂದು ಕರೆತರುತ್ತಾರೆ. ಹಾಗೆ ಹೋದವನು ಹೊಸ್ತಿಲು ದಾಟುವುದಿಲ್ಲ, ಕೊಟ್ಟ ನೀರು ಮುಟ್ಟುವುದಿಲ್ಲ. ನೀರು ಒಲ್ಲೆ ಎಂದನೆಂದರೆ ಹೆಂಗಸರು ಉಳಿದದ್ದನ್ನು ತಿಳಿದುಕೊಳ್ಳುತ್ತಾರೆ. ಇದೆಲ್ಲ ನನಗೆ ಗೊತ್ತಿತ್ತು.

ಈ ವರ್ಷ ಪಂಚಮಿ ಹತ್ತಿರ ಬಂದಾಗ ಅವ್ವ ಹೇಳಿದಳು: "ನಿಮ್ಮಪ್ಪಗ ಬಸ್ಸು ಹತ್ತಾಕ ಆಗೂದಿಲ್ಲ. ಈ ಸಲ ನೀನ ಹೋಗಿ ಕರಕೊಂಡ ಬಾ."

ಹೋಗಬೇಕೆಂದು ನನಗೂ ನಿಜವಾಗಿ ಅನ್ನಿಸಿತ್ತು. ಹೇಳದೆ ಹೋಗಿ ಅಕ್ಕನನ್ನು ಬೆರಗುಗೊಳಿಸೋಣ ಎಂದುಕೊಂಡೆ. ಆದರೆ ನನ್ನ ಬುದ್ಧಿ ಎಲ್ಲಿಗೆ ಹೋಗುತ್ತದೆ? ರವಿವಾರ ಬೇರೆ ಊರಿನಲ್ಲಿ ಸ್ಪರ್ಧೆ ಇತ್ತು. ಯಂಕಂಚಿಗೆ ಜೋರಾಗಿ ಓಡುತ್ತಲೇ ಹೋದರೆ ಸ್ಪರ್ಧೆಗೆ ಮುಂಚಿನ ವೇಗದ ಓಟವೂ ಆಗುತ್ತದೆ, ಬರುವಾಗ ಇಬ್ಬರೂ ಬಸ್ಸಿಗೆ ಬಂದರಾಯಿತು ಎಂದು ಲೆಕ್ಕ ಹಾಕಿದೆ. ಅಕ್ಕನ ಮೇಲಿನ ಪ್ರೀತಿಯನ್ನೂ ತರಬೇತಿಯೊಳಗೇ ತುರುಕಿದ ಭೂಪ ನಾನು. ವಾರದ ನಡುವಿನ ಒಂದು ದಿನ, ಮಧ್ಯಾಹ್ನದ ಹೊತ್ತಿಗೆ, ಅಗಸಿಯನ್ನು ದಾಟಿ ಓಣಿಯೊಳಗೆ ಓಡಿದೆ.

ಅಕ್ಕನ ಅತ್ತೆ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದರು. ನನ್ನನ್ನು ಕಂಡು ಮೊರ ಬಿಟ್ಟು ಎದ್ದು ನಿಂತರು. ಅಕ್ಕ ಒಳಗಿನಿಂದ ತಂಬಿಗೆಯಲ್ಲಿ ನೀರು ಹಿಡಿದು ಬಂದಳು. ನಾನು ಬಾಗಿಲ ಮುಂದೆ ಮೊಣಕಾಲು ಹಿಡಿದು ಬಗ್ಗಿದ್ದೆ, ಉಸಿರು ಸಿಗುತ್ತಿರಲಿಲ್ಲ. ಅವಳು ತಂಬಿಗೆ ಚಾಚಿದಳು. ಓಡಿದ ಕೂಡಲೇ ನೀರು ಕುಡಿದರೆ ನನಗೆ ಹೊಟ್ಟೆ ಹಿಡಿಯುತ್ತದೆ. ರೂಢಿಯಂತೆ ಕೈ ಅಡ್ಡ ಹಿಡಿದು ಒಲ್ಲೆ ಎಂದೆ.

ಅಕ್ಕ ತಂಬಿಗೆಯನ್ನು ಮೆಲ್ಲಗೆ ನೆಲಕ್ಕಿಟ್ಟು ಅದರ ಪಕ್ಕದಲ್ಲೇ ಕುಸಿದು ಕೂತಳು. ಆಮೇಲೆ "ಅಪ್ಪಾ" ಎಂದು ಬಾಯಿ ತೆಗೆದು ಅತ್ತಳು. ಅಂಥ ಅಳುವನ್ನು ನಾನು ಅವಳ ಬಾಯಿಂದ ಕೇಳಿರಲಿಲ್ಲ.

"ಯಾವಾಗ ಹ್ವಾದ್ರೋ ತಮ್ಮಾ?" ಎಂದು ಅತ್ತೆ ತಲೆಯ ಮೇಲೆ ಸೆರಗು ಎಳೆದುಕೊಂಡರು. ಓಣಿಯ ಹೆಂಗಸರು ಬಂದು ಸೇರಿದರು. ಉಸಿರನ್ನೇ ನಂಬಿ ಬದುಕುವ ನನಗೆ ಎರಡು ಮಾತಾಡುವಷ್ಟು ಉಸಿರು ಇರಲಿಲ್ಲ. ಕಡೆಗೆ "ಅಪ್ಪ ಆರಾಮ ಅದಾನ" ಎಂದೆ. ಯಾರೂ ನಂಬಲಿಲ್ಲ. ಸುದ್ದಿ ತಂದವರು ಹೆಂಗಸರ ಮುಂದೆ ಮೊದಲು ಹೇಳುವುದು ಇಂಥ ಸಮಾಧಾನದ ಮಾತನ್ನೇ. ಕಟ್ಟೆಯ ಮೇಲಿದ್ದ ಅಕ್ಕನ ಫೋನು ಎತ್ತಿ ಅಪ್ಪನಿಗೆ ಹಚ್ಚಿ ಅವಳ ಕಿವಿಗೆ ಹಿಡಿದೆ.

"ಯಾಕ ಅಳಾಕತ್ತಿ ಮಗಳ? ತಮ್ಮ ಕರಿಯಾಕ ಬಂದಾನಲ್ಲ, ತಯಾರಾಗು" ಎಂದ ಅಪ್ಪನ ದನಿ ನನಗೂ ಕೇಳಿಸಿತು.

ಅತ್ತೆಗೆ ಸಿಟ್ಟು ಬಂತು. "ಕರಿಯಾಕ ಬಂದಾಂವ ಚಡ್ಡಿ ಮ್ಯಾಲ ಓಡಿ ಬರ್ತಾನೇನ? ಉಂಡಿ ಎಲ್ಲೈತಿ?" ಎಂದರು. ಉಂಡಿಯ ಡಬ್ಬಿಯನ್ನು ನಾನು ಮನೆಯಲ್ಲೇ ಬಿಟ್ಟು ಬಂದಿದ್ದೆ. ಅದನ್ನು ಹಿಡಿದು ಓಡಲು ಬರುವುದಿಲ್ಲವಲ್ಲ. ಹೆಂಗಸರು ನಕ್ಕರು, ನನಗೆ ಮಾತ್ರ ನೆಲ ಬಿರಿದು ನುಂಗಬಾರದೇ ಅನ್ನಿಸಿತು.

ಸಂಜೆಯ ಬಸ್ಸಿನಲ್ಲಿ ಅಕ್ಕನ ಪಕ್ಕ ಕೂತೆ. ಅವಳ ಕೈ ಇನ್ನೂ ತಣ್ಣಗಿತ್ತು. "ತಪ್ಪಾತು ಅಕ್ಕಾ. ಇನ್ನ ಮ್ಯಾಲ ಪ್ರತಿ ರವಿವಾರ ಮನಿಗೆ ಬಂದ ಹೋಗ್ತೇನಿ" ಎಂದೆ.

ಅವಳು ತೊಡೆಯ ಮೇಲೆ ಮಲಗಿದ್ದ ಮಗನ ತಲೆ ಸರಿಮಾಡಿದಳು.

"ಬ್ಯಾಡ ತಮ್ಮಾ," ಎಂದಳು. ಸಿಟ್ಟಿನಿಂದಲ್ಲ, ಮಗುವಿಗೆ ತಿಳಿಹೇಳುವ ಹಾಗೆ. "ನೀ ಮನಿಗೆ ಬಂದ್ರ ಏನೋ ಆಗೈತಿ ಅಂತ ಜೀವ ಹಾರತೈತಿ. ನೀ ಅಗಸಿಯಿಂದ ಹೊಳ್ಳಿ ಹೋಗೂದನ್ನ ನಾ ಮಾಳಿಗಿ ಮ್ಯಾಲ ನಿಂತು ನೋಡ್ತೇನಿ. ನೀ ಹೊಳ್ಳಿದಿ ಅಂದ್ರ ಮನ್ಯಾಗ ಎಲ್ಲಾರೂ ಆರಾಮ ಅದಾರ. ನನಗ ಅಷ್ಟ ಸಾಕು."

ಅವಳು ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ನನ್ನ ಕಲ್ಲು ಮನಸ್ಸನ್ನು ಅವಳು ಶುಭದ ಗುರುತು ಮಾಡಿಕೊಂಡು ಬದುಕುತ್ತಿದ್ದಳು.

ಪಂಚಮಿ ಮುಗಿಸಿ ಅವಳು ಹೋದ ಮೇಲಿನ ರವಿವಾರ ಮತ್ತೆ ಯಂಕಂಚಿಗೆ ಓಡಿದೆ. ಅಗಸಿಯಲ್ಲಿ ಕಾಲು ಮುಂದಕ್ಕೇ ಎಳೆಯಿತು. ಮಾಳಿಗೆಯ ಮೇಲೆ ಅವಳು ನಿಂತಿದ್ದಳು, ನಾನು ತಿರುಗುವುದನ್ನೇ ಕಾಯುತ್ತಿದ್ದಳು. ತಿರುಗಿದೆ.