ಕಿಟಕಿ ಪಕ್ಕದ ಸೀಟು

ನನಗೆ ಘಟ್ಟದ ರಸ್ತೆ ಆಗುವುದಿಲ್ಲ. ಹುಟ್ಟಿದ್ದು ನರಸಿಂಹರಾಜಪುರದಲ್ಲಿ, ಮದುವೆ ಮಾಡಿ ಕೊಟ್ಟಿದ್ದು ಹರಿಹರಪುರಕ್ಕೆ, ಪಾಠ ಮಾಡುವುದು ಕೊಪ್ಪದ ಹೈಸ್ಕೂಲಿನಲ್ಲಿ. ನೆಟ್ಟಗಿನ ರಸ್ತೆಯನ್ನು ಕಂಡಿದ್ದೇ ಕಡಿಮೆ. ಆದರೂ ಎರಡು ತಿರುವು ಒಟ್ಟಿಗೆ ಬಂದರೆ ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬರುತ್ತದೆ. ಕಿಟಕಿ ಪಕ್ಕದ ಸೀಟು, ಕೈಯಲ್ಲೊಂದು ನಿಂಬೆಹಣ್ಣು, ಮುಖಕ್ಕೆ ಗಾಳಿ, ಇಷ್ಟಿದ್ದರೆ ಮಾತ್ರ ನಾನು ಊರು ಮುಟ್ಟುವವಳು. ಮದುವೆಯಾದ ಹೊಸತರಲ್ಲಿ ಇದು ಗೊತ್ತಾದ ಮೇಲೆ ನಮ್ಮನೆಯವರು ಎಲ್ಲಿಗೆ ಹೊರಟರೂ ಮೊದಲು ಕಾರಿನ ಗಾಜು ಇಳಿಸಿ, ಆಮೇಲೆ ನನ್ನನ್ನು ಹತ್ತಿಸಿಕೊಳ್ಳುತ್ತಿದ್ದರು. ಬೇರೆ ಗಂಡಂದಿರು ಹೆಂಡತಿಗೆ ಹೂವು ತರುತ್ತಾರಂತೆ. ನಮ್ಮದು ಹೀಗೆ.

ಆ ವರ್ಷ ಮಳೆ ಹಿಂದಾಗುವ ಹೊತ್ತಿಗೆ ನನ್ನ ಕತ್ತಿನ ಎಡಗಡೆ ಗಂಟು ಕಾಣಿಸಿತು. ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಯಲ್ಲಿ ಅದಕ್ಕೆ ಲಿಂಫೋಮಾ ಎಂದರು. ಎದೆಯೊಳಗೂ ಒಂದು ಗಂಟಿತ್ತು. ಎರಡು ವಾರಕ್ಕೊಮ್ಮೆ ಆಗುಂಬೆ ಘಾಟಿ ಇಳಿದು ಹೋಗುವುದು, ರಕ್ತನಾಳಕ್ಕೆ ಔಷಧಿ ಏರಿಸಿಕೊಳ್ಳುವುದು, ಅದೇ ಘಾಟಿ ಹತ್ತಿ ಬರುವುದು. ಔಷಧಿಗೆ ವಾಂತಿಯೋ ರಸ್ತೆಗೆ ವಾಂತಿಯೋ ಎಂದು ವಿಚಾರಿಸುವುದನ್ನೇ ಬಿಟ್ಟುಬಿಟ್ಟೆ. ಕೂದಲು ಹೋಯಿತು. ಆಮೇಲೆ ಮಾತೂ ಕಡಿಮೆಯಾಯಿತು. ನೋಡಲು ಬಂದವರೆಲ್ಲ ಧೈರ್ಯ ಹೇಳುತ್ತಿದ್ದರು. ಅವರ ಧೈರ್ಯಕ್ಕೆ ತಲೆಯಾಡಿಸಿ ಆಡಿಸಿ ನನ್ನ ಕತ್ತು ನೋಯುತ್ತಿತ್ತು.

ನಾಲ್ಕು ಸಲ ಔಷಧಿ ಏರಿಸಿದ ಮೇಲೆ ಪೆಟ್ ಸ್ಕ್ಯಾನ್ ಮಾಡಿ ನೋಡಬೇಕೆಂದರು ಡಾಕ್ಟರು. ಸಕ್ಕರೆಯಂಥ ಪದಾರ್ಥಕ್ಕೆ ಒಂಚೂರು ವಿಕಿರಣ ಸೇರಿಸಿ ರಕ್ತಕ್ಕೆ ಬಿಡುತ್ತಾರೆ. ಈ ರೋಗಕ್ಕೆ ಸಕ್ಕರೆಯ ಚಪಲ. ಎಲ್ಲಿ ಜೀವ ಹಿಡಿದು ಕೂತಿದೆಯೋ ಅಲ್ಲಿ ಅದನ್ನು ಬಾಚಿಕೊಂಡು ತಿನ್ನುತ್ತದೆ, ಚಿತ್ರದಲ್ಲಿ ಆ ಜಾಗ ಹೊಳೆಯುತ್ತದೆ. ನಮ್ಮನೆಯವರಿಗೆ ಕೊಪ್ಪದಲ್ಲಿ ಮೋಟರ್ ರಿಪೇರಿ ಅಂಗಡಿ. ಯಾವುದನ್ನೂ ಅರ್ಧ ತಿಳಿದುಕೊಂಡು ಸುಮ್ಮನಿರುವ ಜನ ಅಲ್ಲ. "ಇರುವೆ ಎಲ್ಲುಂಟು ಅಂತ ನೋಡಕ್ಕೆ ಬೆಲ್ಲ ಇಟ್ಟಂಗೆ ಅಲ್ವಾ ಡಾಕ್ಟ್ರೇ?" ಎಂದು ಕೇಳಿದರು. ಡಾಕ್ಟರು ನಕ್ಕು, ಹೌದು, ಹಾಗೇ ಎಂದರು.

ಹೊಳಪು ಆರಿದ್ದರೆ ಇದೇ ಔಷಧಿ ಮುಂದುವರಿಯುತ್ತದೆ. ಆರದಿದ್ದರೆ ಇದಕ್ಕಿಂತ ಜೋರಿನದು, ವಾರಗಟ್ಟಲೆ ಆಸ್ಪತ್ರೆಯಲ್ಲೇ ಇರಬೇಕು, ಆಮೇಲೆ ಅಸ್ಥಿಮಜ್ಜೆಯ ಚಿಕಿತ್ಸೆಯವರೆಗೂ ಹೋಗಬೇಕಾಗಬಹುದು. ಅವತ್ತು ಮನೆಗೆ ಬಂದವಳೇ ಹೇಳಿಬಿಟ್ಟೆ: "ಅದಕ್ಕೆಲ್ಲ ನಾನು ಬರೋದಿಲ್ಲ. ನನ್ನ ಕೈಲಿ ಇಷ್ಟೇ ಆಗೋದು." ಹೆದರಿಸಲು ಹೇಳಿದ್ದಲ್ಲ. ನಿಜಕ್ಕೂ ಸಾಕಾಗಿತ್ತು. ನಮ್ಮನೆಯವರು ಎದ್ದು ಹೋಗಿ ಹಂಡೆಗೆ ಬೆಂಕಿ ಹಾಕುತ್ತ ಕೂತರು.

ಸ್ಕ್ಯಾನಿನ ದಿನ ಖಾಲಿ ಹೊಟ್ಟೆಯಲ್ಲಿ ಬೆಳಿಗ್ಗೆ ಬೇಗ ಅಲ್ಲಿರಬೇಕಿತ್ತು. ಧನುರ್ಮಾಸದ ಚಳಿ. ಇನ್ನೂ ಬೆಳಕು ಹರಿಯುವ ಮೊದಲೇ ಹೊರಟೆವು. ಅಭ್ಯಾಸದಂತೆ ಗಾಜು ಇಳಿದೇ ಇತ್ತು. ಶೃಂಗೇರಿ ದಾಟಿ ಆಗುಂಬೆ ಮುಟ್ಟುವವರೆಗೂ ಮಂಜು ಮುಖಕ್ಕೆ ರಾಚುತ್ತಿತ್ತು. ಕತ್ತು, ಹೆಗಲು ಮರಗಟ್ಟಿ ಹೋದವು, ಆದರೆ ವಾಂತಿಯಾಗಲಿಲ್ಲ. ಅದೇ ದೊಡ್ಡದು ಎಂದುಕೊಂಡೆ. ಅಲ್ಲಿ ಇಂಜೆಕ್ಷನ್ ಕೊಟ್ಟು, ಅಲ್ಲಾಡಬೇಡಿ, ಮಾತಾಡಬೇಡಿ ಎಂದು ಎ.ಸಿ. ರೂಮಿನಲ್ಲಿ ಮಲಗಿಸಿದರು. ಮಾತಾಡಬೇಡಿ ಎಂದಿದ್ದು ಹಿತವಾಯಿತು. ಎಷ್ಟೋ ದಿನಕ್ಕೆ ಯಾರಿಗೂ ಏನೂ ಉತ್ತರ ಕೊಡಬೇಕಾಗಿಲ್ಲದ ಒಂದು ಗಂಟೆ ಸಿಕ್ಕಿತ್ತು.

ಮಾರನೆಯ ದಿನ ಡಾಕ್ಟರು ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದರು. ಎದೆಯ ಗಂಟು ಆರಿತ್ತು. ಆದರೆ ಕತ್ತಿನ ಎರಡೂ ಕಡೆ, ಹೆಗಲಿನವರೆಗೆ, ಕಪ್ಪಗೆ ಕಾಣಬೇಕಾದ ಜಾಗ ಹೊಳೆಯುತ್ತಿತ್ತು. ನನ್ನ ಕೈ ತಾನಾಗಿಯೇ ಕತ್ತಿಗೆ ಹೋಯಿತು.

"ಇದು ರೋಗವೇ ಅಂತ ಹೇಳೋಕಾಗಲ್ಲ" ಎಂದರು ಅವರು. "ತೆಳ್ಳಗಿರುವ ಚಿಕ್ಕ ವಯಸ್ಸಿನವರಿಗೆ ಚಳಿಯಾದರೆ ಅಲ್ಲಿರೋ ಒಂದು ಥರದ ಕೊಬ್ಬು ಮೈ ಬಿಸಿ ಮಾಡೋಕೆ ಸಕ್ಕರೆ ಎಳೆದುಕೊಳ್ಳುತ್ತೆ. ಅದೂ ಹೀಗೇ ಹೊಳೆಯುತ್ತೆ. ಆದರೆ ನಿಮ್ಮ ಗಂಟು ಇದ್ದದ್ದೂ ಅಲ್ಲೇ. ಆ ಹೊಳಪಿನ ಹಿಂದೆ ಇದೆಯೋ ಇಲ್ಲವೋ ಗೊತ್ತಾಗ್ತಿಲ್ಲ. ಬರುವಾಗ ಚಳಿ ಇತ್ತಾ?"

ನಮ್ಮನೆಯವರು ಕುರ್ಚಿಯಲ್ಲಿ ನೆಟ್ಟಗಾದರು. "ಇತ್ತು ಡಾಕ್ಟ್ರೇ. ನಾನೇ ಗಾಜು ಇಳ್ಸಿದ್ದು. ಪೂರ್ತಿ ಇಳ್ಸಿದ್ದೆ."

ಒಂದು ವಾರ ಬಿಟ್ಟು ಮತ್ತೆ ಸ್ಕ್ಯಾನ್ ಎಂದಾಯಿತು. ಹಿಂದಿನ ದಿನವೇ ಬಂದು ಕೆಳಗೇ ಉಳಿಯಬೇಕು, ಮೈ ಬೆಚ್ಚಗಿಡಬೇಕು, ಬೆಳಿಗ್ಗೆ ಅವರು ಕೊಟ್ಟ ಮಾತ್ರೆ ನುಂಗಬೇಕು.

ಆ ವಾರವನ್ನು ನಾನು ಹೇಗೆ ಕಳೆದೆನೋ. ನಮ್ಮನೆಯವರಂತೂ ಊರಿಗೆಲ್ಲ ಡಂಗುರ ಹೊಡೆದುಕೊಂಡು ಬಂದರು. ಅಂಗಡಿಗೆ ಬಂದವರಿಗೆ, ಪಕ್ಕದ ಮನೆಯವರಿಗೆ, ಹಾಲು ಕೊಡುವವಳಿಗೆ, ಎಲ್ಲರಿಗೂ ಒಂದೇ ಮಾತು: "ತಪ್ಪು ನಂದೇ. ಗಾಜು ಇಳ್ಸಿದ್ದು ನಾನು." ಅತ್ತೆ ನಂಬಲಿಲ್ಲ. "ಚಳಿಗೆ ಮೈಯೊಳಗೆ ದೀಪ ಹತ್ತೋದು ಅಂತ ಉಂಟಾ? ಎಂತೆಂತದೋ ಹೇಳ್ತೀಯಲ್ಲ ನೀನು" ಎಂದು ಬೈದರು. ಅದಕ್ಕೂ ಅವರು, "ಉಂಟು ಅಮ್ಮಾ, ಡಾಕ್ಟ್ರೇ ಹೇಳಿದ್ದು. ನಂದೇ ತಪ್ಪು" ಎಂದರು.

ನನಗೆ ಸಿಟ್ಟು ಬರುತ್ತಿತ್ತು. ಕಾಯಿಲೆ ನನ್ನದು, ಅದರಲ್ಲೂ ಇವರಿಗೊಂದು ಪಾಲು ಬೇಕೇ? ಒಂದು ದಿನ ಹೇಳಿಯೇಬಿಟ್ಟೆ. "ಆ ಎ.ಸಿ. ರೂಮೂ ತಣ್ಣಗೇ ಇತ್ತು. ಹೊದಿಕೆ ಕೇಳ್ಬೋದಿತ್ತು, ನಾನೇ ಕೇಳ್ಲಿಲ್ಲ. ಎಲ್ಲ ನೀವೇ ತಲೆ ಮೇಲೆ ಹಾಕ್ಕೋಬೇಡಿ."

"ರೂಮು ಎಷ್ಟು ತಣ್ಣಗಿದ್ದೀತು ಮಾರಾಯ್ತಿ" ಎಂದರು. "ಗಾಳಿ ಹೊಡ್ದಿದ್ದು ಕಾರಲ್ಲೇ." ತಪ್ಪಿನಲ್ಲಿ ಎಳ್ಳಷ್ಟೂ ಬಿಟ್ಟುಕೊಡಲು ಅವರು ತಯಾರಿರಲಿಲ್ಲ.

ಎರಡನೆಯ ಸಲ ಮಧ್ಯಾಹ್ನದ ಬಿಸಿಲಿನಲ್ಲಿ ಹೊರಟೆವು. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ಬೆಕ್ಕು ಮಜ್ಜಿಗೆಯನ್ನೂ ಊದಿ ಕುಡಿಯಿತಂತೆ. ನನಗೆ ಸ್ವೆಟರ್, ಅದರ ಮೇಲೆ ಶಾಲು, ಅದರ ಮೇಲೆ ಅತ್ತೆಯ ಕಂಬಳಿ. ಗಾಜು ನಾಲ್ಕೂ ಮೇಲೆ. ಶೃಂಗೇರಿಯಲ್ಲಿ ಕಾರು ನಿಲ್ಲಿಸಿ ಅವರೊಬ್ಬರೇ ದೇವಸ್ಥಾನಕ್ಕೆ ಹೋದರು. ನನಗೆ ಇಳಿಯುವ ತ್ರಾಣ ಇರಲಿಲ್ಲ. ದೇವರನ್ನು ಕೇಳುವ ಉತ್ಸಾಹವೂ ಇರಲಿಲ್ಲ. ಬಂದು ನನ್ನ ಹಣೆಗೆ ಕುಂಕುಮ ಇಟ್ಟರು.

"ಎಂತ ಕೇಳ್ಕೊಂಡ್ರಿ?" ಎಂದೆ, ಏನೋ ಒಂದು ಕೇಳಬೇಕಲ್ಲ ಎಂದು.

"ತಪ್ಪು ನಂದೇ ಆಗ್ಲಿ ತಾಯಿ ಅಂತ" ಎಂದರು ಅವರು.

ನಾನು ಅವರ ಮುಖ ನೋಡಿದೆ. ವಾರವಿಡೀ ಗಡ್ಡ ಮಾಡಿರಲಿಲ್ಲ. ಗಾಜಿನದು ತಪ್ಪಲ್ಲ ಎಂದಾದರೆ ಮತ್ತೆ ಉಳಿಯುವುದೇನು ಎಂದು ಅವರಿಗೆ ಗೊತ್ತಿತ್ತು. ನಾನು ಬರುವುದಿಲ್ಲ ಎಂದಿದ್ದೂ ನೆನಪಿತ್ತು. ಆ ಮನುಷ್ಯ ಮನೆ ಮನೆಗೆ ಹೋಗಿ ಬೇಡುತ್ತಿದ್ದದ್ದು ಏನನ್ನು ಎಂದು ನನಗೆ ಅರ್ಥವಾಗಲು ಅಷ್ಟು ದಿನ ಬೇಕಾಯಿತು. ನನಗೆ ಅಳು ಬಂತು, ಆದರೆ ಅಳಲೂ ಸುಸ್ತು. ಕಂಬಳಿಯ ಒಳಗಿಂದ ಕೈ ತೆಗೆದು ಅವರ ಕೈ ಮೇಲೆ ಇಟ್ಟೆ. ಅವರು ಗೇರ್ ಹಾಕಿದರು.

ಘಾಟಿ ಇಳಿಯುವಾಗ ತಿರುವು ತಿರುವಿಗೂ ಕವರಿನೊಳಗೆ ಕಕ್ಕಿದೆ. "ಕಕ್ಕು ಮಾರಾಯ್ತಿ, ಎಷ್ಟು ಬೇಕಾದ್ರೂ ಕಕ್ಕು. ಗಾಜು ಮಾತ್ರ ಕೇಳ್ಬೇಡ" ಎಂದರು. ನಾನು ಕೇಳಲಿಲ್ಲ. ಕೆಳಗಿನ ಲಾಡ್ಜಿನ ಸೆಕೆಯಲ್ಲಿ ಫ್ಯಾನೂ ಹಾಕಗೊಡಲಿಲ್ಲ. ನನಗೆ ಹೊದಿಸಿ, ತಾವು ಬನಿಯನ್ನಿನಲ್ಲಿ ಬೆವರು ಒರೆಸಿಕೊಳ್ಳುತ್ತ ಮಲಗಿದರು. ಬೆಳಿಗ್ಗೆ ಮಾತ್ರೆ ನುಂಗಿದೆ. ಆಸ್ಪತ್ರೆಯಲ್ಲಿ ಕೇಳುವ ಮೊದಲೇ ಎರಡು ಹೊದಿಕೆ ಕೊಟ್ಟರು.

ಮಾರನೆಯ ದಿನ ಡಾಕ್ಟರು ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು. ಹೊಸದರಲ್ಲಿ ಮಿದುಳು ಹೊಳೆಯುತ್ತಿತ್ತು, ಹೃದಯ ಹೊಳೆಯುತ್ತಿತ್ತು, ಅವು ಯಾವಾಗಲೂ ಹೊಳೆಯುವಂಥವಂತೆ. ಕತ್ತು ಆರಿ ಹೋಗಿತ್ತು.

"ಗಂಟು ಆರಿದೆ. ಇದೇ ಔಷಧಿ ಮುಂದುವರಿಸೋಣ" ಎಂದರು ಡಾಕ್ಟರು.

"ಹಂಗಾರೆ ಅವತ್ತಿಂದು ಗಾಜು ಇಳ್ಸಿದ್ದಕ್ಕೇ ಅಲ್ವಾ?" ಎಂದು ಕೇಳಿದರು ನಮ್ಮನೆಯವರು.

"ಹೌದು. ಚಳಿಯದೇ."

"ನಂದೇ ತಪ್ಪು ಅಂತಾಯ್ತಲ್ಲ?"

ಡಾಕ್ಟರು ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. "ಹೌದು, ನಿಮ್ಮದೇ" ಎಂದರು ಅವರು. ನಮ್ಮನೆಯವರು ಎರಡೂ ಕೈ ಮುಗಿದು, ಎದ್ದು, ಬಾಗಿಲು ತೆಗೆದು ಹೊರಗೆ ಹೋದರು. ನಾನು ಹೋಗಿ ನೋಡಿದಾಗ ಕಾರಿಡಾರಿನ ಕೊನೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದರು.

ನನಗೆ ದೊಡ್ಡ ಸಂತೋಷವೇನೂ ಆಗಲಿಲ್ಲ. ನಿದ್ದೆ ಬರುತ್ತಿತ್ತು. ಇನ್ನೂ ತಿಂಗಳುಗಟ್ಟಲೆ ಈ ಘಾಟಿ ಇಳಿಯಬೇಕು, ಹತ್ತಬೇಕು. ಹೆಬ್ರಿ ದಾಟಿ ಮೊದಲ ತಿರುವು ಬರುವಷ್ಟರಲ್ಲಿ ಹೊಟ್ಟೆ ತೊಳೆಸಿತು. ಗಾಜು ಮೇಲೇ ಇತ್ತು.

"ಗಾಜು ಇಳ್ಸಿ" ಎಂದೆ.

"ಬೇಡ, ಚಳಿ ಹೊಡಿತದೆ."

"ಸ್ಕ್ಯಾನ್ ಮುಗೀತಲ್ಲ."

"ಮುಗೀಲಿ." ಸ್ಟಿಯರಿಂಗ್ ಗಟ್ಟಿಯಾಗಿ ಹಿಡಿದು ಮುಂದೆ ನೋಡುತ್ತಲೇ ಇದ್ದರು. ಹಿಂದಿನ ಸಲ ಇಳಿಸಿದ ಕೈ ಅದು, ಮತ್ತೆ ಇಳಿಸಲು ಹೆದರುತ್ತಿತ್ತು.

"ಇನ್ನೊಂದ್ಸಲ ಅದೇ ತಪ್ಪು ಮಾಡಿ" ಎಂದೆ.

ಅವರು ಗಾಜು ಇಳಿಸಿದರು. ಪೂರ್ತಿ ಇಳಿಸಿದರು.