ದೊಡ್ಡವ್ವನ ಮಲ್ಲಿಗೆ, ಅವ್ವನ ಕನಕಾಂಬರ

ಬೆಳಿಗ್ಗೆ ಸೊಸೆ ಕುಂಡಕ್ಕೆ ನೀರು ಹಾಕುತ್ತಿದ್ದಳು. ಪಟ್, ಪಟಪಟ ಎಂದು ಏನೋ ಸಿಡಿಯಿತು, ಒಗ್ಗರಣೆಗೆ ಸಾಸಿವೆ ಬಿದ್ದ ಹಾಗೆ. ಅವಳು ಬೆಚ್ಚಿ ತಂಬಿಗೆ ಕೆಳಗಿಟ್ಟಳು. ನಾನು ಕೂತಲ್ಲಿಂದ ಏಳಲಿಲ್ಲ. ಕನಕಾಂಬರದ ಒಣಗಿದ ತೆನೆಗೆ ನೀರು ತಾಗಿದರೆ ಅದರ ಕಾಯಿ ಹಾಗೆಯೇ ಸಿಡಿದು ಬೀಜ ಚೆಲ್ಲುತ್ತದೆ. ಚಿಕ್ಕಂದಿನಲ್ಲಿ ಅದನ್ನು ಬೊಗಸೆ ನೀರಿಗೆ ಹಾಕಿ ಕಿವಿಯ ಹತ್ತಿರ ಹಿಡಿದು ಕೂರುವುದೇ ನನಗೆ ಆಟವಾಗಿತ್ತು. ಪಾಂಡವಪುರದ ಈ ಮನೆಗೆ ಮೊನ್ನೆ ತಾನೇ ಸೊಸೆ ನರ್ಸರಿಯಿಂದ ಒಂದು ಕನಕಾಂಬರ, ಒಂದು ಮಲ್ಲಿಗೆ ತಂದಿದ್ದಾಳೆ. “ಅತ್ತೆ, ಎರಡಕ್ಕೂ ದಿನಾ ನೀರಾಕ್ಬೇಕಾ?” ಎಂದು ಕೇಳಿದಳು. ಉತ್ತರ ನನಗೆ ಚೆನ್ನಾಗಿ ಗೊತ್ತಿತ್ತು. ಆಮೇಲೆ ಹೇಳ್ತೀನಿ ಬುಡು ಅಂದೆ.

ಬಾಬುರಾಯನಕೊಪ್ಪಲಿನಲ್ಲಿ ನಮ್ಮ ಮನೆ ಇತ್ತು. ಈಗಿಲ್ಲ, ಅಲ್ಲಿ ಸಾಲು ಮಳಿಗೆಗಳಿವೆ, ಬಸ್ಸಿನಲ್ಲಿ ಹಾದು ಹೋಗುವಾಗ ನಾನು ಆ ಕಡೆ ತಿರುಗಿ ನೋಡುವುದನ್ನೂ ಬಿಟ್ಟಿದ್ದೇನೆ. ಅಪ್ಪ, ದೊಡ್ಡಪ್ಪ ಒಟ್ಟಿಗಿದ್ದ ಮನೆ ಅದು. ದೊಡ್ಡಪ್ಪನ ಹೆಂಡತಿ, ನನ್ನ ದೊಡ್ಡವ್ವ, ನಾಗಮಂಗಲದ ಕಡೆಯ, ಮಳೆಯನ್ನೇ ನಂಬಿದ ಹೊಲಸೀಮೆಯವಳು. ಅವ್ವ ಅರಕೆರೆಯವಳು, ಮನೆ ಮುಂದೆಯೇ ಕಾಲುವೆ ಹರಿಯುವ ಊರಿನವಳು. ಮಕ್ಕಳಿಲ್ಲದ ದೊಡ್ಡವ್ವನಿಗೆ ನಾನೂ ಮಗಳೇ, ನನ್ನ ಅವ್ವನೂ ಒಂಥರಾ ಮಗಳೇ. ವಾರಗಿತ್ತಿಯರು ಎಂದರೆ ಜಗಳ ಎನ್ನುವವರು ನಮ್ಮ ಮನೆಗೆ ಬಂದು ನೋಡಬೇಕಿತ್ತು. ಇಬ್ಬರಿಗೂ ಜಗಳವಿದ್ದದ್ದು ಒಂದೇ ವಿಷಯಕ್ಕೆ, ಅದೂ ವರ್ಷಕ್ಕೊಂದು ಸಲ, ಚಳಿಗಾಲದಲ್ಲಿ. ಬಾಗಿಲ ಬಲಕ್ಕೆ ಬಿಸಿಲಲ್ಲಿ ದೊಡ್ಡವ್ವನ ದುಂಡುಮಲ್ಲಿಗೆ, ಎಡಕ್ಕೆ ನುಗ್ಗೆಮರದ ಅರೆನೆರಳಲ್ಲಿ ಅವ್ವನ ಕನಕಾಂಬರ. ಆ ಎರಡು ಗಿಡಗಳೇ ಅವರ ಜಗಳದ ವಿಷಯ.

ಕನಕಾಂಬರ ಸಾಧು ಪ್ರಾಣಿ. ಮಣ್ಣು ಒಣಗದ ಹಾಗೆ ನೀರು ತೋರಿಸಿ, ಹೂವು ಮುಗಿದ ತೆನೆಯನ್ನು ಚಿವುಟುತ್ತಿದ್ದರೆ ವರ್ಷವಿಡೀ ಬಿಡುತ್ತದೆ. ಪರಿಮಳ ಇಲ್ಲ ನಿಜ, ಆದರೆ ಇವತ್ತು ಮುಡಿದದ್ದು ನಾಳಿದ್ದಿಗೂ ಬಾಡುವುದಿಲ್ಲ. ಒಂದು ದಿನ ನೀರು ಮರೆತರೆ ಮಾತ್ರ ಮಧ್ಯಾಹ್ನದ ಹೊತ್ತಿಗೇ ತಲೆ ಜೋತು ಬಿಡುತ್ತದೆ. ಮಲ್ಲಿಗೆಯ ಸ್ವಭಾವವೇ ಬೇರೆ. ಸಂಜೆ ಮುಡಿದರೆ ಇಡೀ ಮನೆ ಘಮ್ಮೆನ್ನುತ್ತದೆ, ಬೆಳಿಗ್ಗೆ ನೋಡಿದರೆ ಕಂದಿರುತ್ತದೆ. ಅದಕ್ಕೆ ಬಿಸಿಲು ಬೇಕು, ಕತ್ತರಿ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಬಾಯಾರಿಕೆ ಬೇಕು. ಪುಷ್ಯಮಾಸ ಬಂತೆಂದರೆ ದೊಡ್ಡವ್ವ ನೀರು ನಿಲ್ಲಿಸಿ, ಕೊಂಬೆ ಕತ್ತರಿಸಿ, ಉಳಿದ ಎಲೆಗಳನ್ನೂ ಕೈಯಿಂದ ಸವರಿ ಕಿತ್ತು ಗಿಡವನ್ನು ಬೋಳು ಮಾಡಿ ಬಿಡುತ್ತಿದ್ದಳು. ನೋಡಿದವರು ಗಿಡ ಸತ್ತಿತು ಅನ್ನಬೇಕು. ಅವ್ವನಿಗೆ ಅದನ್ನು ಕಂಡರೆ ಸಂಕಟ. “ಬಾಯಿಲ್ದಿರೋ ಗಿಡವ ಇಂಗೆ ಉಪ್ವಾಸ ಕೆಡವ್ತೀಯಲ್ಲಕ್ಕ” ಎಂದು ಗೊಣಗುತ್ತಿದ್ದಳು. ದೊಡ್ಡವ್ವ ನಗುತ್ತಿದ್ದಳು. “ಸುಮ್ಕಿರು ಜಯ. ಈಗ ನೀರ್ ಕಂಡ್ರೆ ಬರೀ ಎಲೆ ಬುಡ್ತದೆ ಇದು. ಬೇಸ್ಗೇಲಿ ತಲೆಗೇನ್ ಮುಡಿತೀಯ, ಎಲೇನಾ?” ಬೇಸಿಗೆ ಬಂದಾಗ ಮೊರದ ತುಂಬ ಮೊಗ್ಗು ಇರುತ್ತಿತ್ತು, ಅವ್ವ ತೆಪ್ಪಗೆ ಕೂತು ಕಟ್ಟುತ್ತಿದ್ದಳು. ಮುಂದಿನ ಚಳಿಗಾಲಕ್ಕೆ ಮತ್ತೆ ಅದೇ ಗೊಣಗಾಟ.

ನಾನು ಏಳನೇ ಕ್ಲಾಸಿನಲ್ಲಿದ್ದ ವರ್ಷ, ದೀಪಾವಳಿ ಕಳೆದ ಮೇಲೆ ದೊಡ್ಡವ್ವ ಹಾಸಿಗೆ ಹಿಡಿದಳು. ಮೈಸೂರಿನ ಆಸ್ಪತ್ರೆಗೆ ಸೇರಿಸಿದರು. ಪುಷ್ಯಮಾಸ ಬಂತು. ಅಪ್ಪ ಕತ್ತರಿ ತಂದು ಮಲ್ಲಿಗೆಯ ಹತ್ತಿರ ನಿಂತಿದ್ದು, ಅವ್ವ ಅಡುಗೆಮನೆಯಿಂದ ಓಡಿ ಬಂದದ್ದು ನನಗೆ ನೆನಪಿದೆ. “ಮಲ್ಗಿರೋರ ಗಿಡುಕ್ಕೆ ಕತ್ರಿ ಇಕ್ಬಾರ್ದು. ಅಕ್ಕ ಬರೋಗಂಟ ಇದ್ರದು ಒಂದೆಲೇನೂ ಉದುರ್ಬಾರ್ದು” ಅಂದಳು. ಅಪ್ಪ ಕತ್ತರಿಯನ್ನು ಒಳಗಿಟ್ಟ. ಅಂಥ ಮಾತಿಗೆ ಎದುರಾಡುವ ಧೈರ್ಯ ನಮ್ಮ ಕಡೆ ಯಾರಿಗೂ ಇರುವುದಿಲ್ಲ. ಅಂದಿನಿಂದ ಅವ್ವ ಬೆಳಿಗ್ಗೆ, ಸಂಜೆ ಎರಡೂ ಗಿಡಕ್ಕೆ ಬಿಂದಿಗೆಯಲ್ಲಿ ನೀರು ಹುಯ್ದಳು. ಅರಕೆರೆಯವಳಿಗೆ ಪ್ರೀತಿ ತೋರಿಸುವುದು ಗೊತ್ತಿದ್ದದ್ದು ಹಾಗೆ. ಮಲ್ಲಿಗೆ ಕಪ್ಪಗೆ ಹಸಿರಾಗಿ ಕಿಟಕಿಯ ಎತ್ತರಕ್ಕೆ ಬೆಳೆಯಿತು. ಎಲ್ಲರಿಗೂ ಅದು ಒಳ್ಳೆಯ ಶಕುನವಾಗಿ ಕಂಡಿತು.

ಶಿವರಾತ್ರಿ ಆದ ಮೇಲೆ ದೊಡ್ಡವ್ವನನ್ನು ಮನೆಗೆ ಕರೆತಂದರು, ಮನೆಯಲ್ಲೇ ನೋಡಿಕೊಳ್ಳಿ ಅಂತ ಡಾಕ್ಟರು ಅಂದಿದ್ದರಂತೆ. ನಡುಮನೆಯಲ್ಲಿ ಮಲಗಿಸಿದರು, ಅಲ್ಲಿಂದ ಗಿಡ ಕಾಣುತ್ತಿರಲಿಲ್ಲ. ಒಂದು ದಿನ ಅವ್ವ ಗಂಜಿ ಕುಡಿಸುತ್ತಿದ್ದಾಗ ದೊಡ್ಡವ್ವ ಸಹಜವಾಗಿ, ನೆಂಟರ ಮನೆಗೆ ಹೊರಟವಳಂತೆ ಹೇಳಿದಳು: “ನಾನ್ ಓಗಾವಾಗ ಅಂಗ್ಡಿ ಹೂವ ಬ್ಯಾಡ ಕಣೆ ಜಯ. ನಮ್ ಗಿಡದ್ದೇ ಮುಡ್ಸು.” ಗಂಡ ಇರುವಾಗಲೇ ಹೋಗುವವಳನ್ನು ಅರಿಸಿನ ಕುಂಕುಮವಿಟ್ಟು, ತಲೆತುಂಬ ಹೂವು ಮುಡಿಸಿಯೇ ಕಳಿಸುವುದು. ಅವ್ವ ತಲೆಯಾಡಿಸಿದಳು. ಆಮೇಲೆ ದೊಡ್ಡವ್ವನನ್ನು ಖುಷಿಪಡಿಸಲೆಂದು, “ಗಿಡ ಎಂಗದೆ ಗೊತ್ತಾ, ಒಂದೆಲೆ ಉದುರಿಲ್ಲ, ಕಿಟ್ಕಿಗಂಟ ಬಂದದೆ” ಅಂದಳು. ಈ ಬೇಸಿಗೆಗೆ ಗಿಡದಲ್ಲಿ ಹೂವಿರುವುದಿಲ್ಲ ಎಂದು ದೊಡ್ಡವ್ವನಿಗೆ ಆಗಲೇ ಗೊತ್ತಾಗಿರಬೇಕು. “ಚೆಂದಾಗ್ ಸಾಕಿದ್ದೀಯ ಬುಡು” ಎಂದಷ್ಟೇ ಹೇಳಿ ಅವ್ವನ ಕೈ ಸವರಿದಳು.

ಅಂದಿನಿಂದ ಅವ್ವ ಎದ್ದ ಕೂಡಲೇ ಎಲೆಗಳನ್ನು ಸರಿಸಿ ಸರಿಸಿ ಮೊಗ್ಗು ಹುಡುಕುತ್ತಿದ್ದಳು. ಇರುತ್ತಿರಲಿಲ್ಲ. ಇಲ್ಲವೆಂದು ಇನ್ನೊಂದು ಬಿಂದಿಗೆ ನೀರು ಹುಯ್ಯುತ್ತಿದ್ದಳು. ಯುಗಾದಿ ಕಳೆದು, ಊರಿನ ಬೇರೆಯವರ ಅಂಗಳದಲ್ಲಿ ಮಲ್ಲಿಗೆ ಅರಳತೊಡಗಿದಾಗ ದೊಡ್ಡವ್ವ ಹೋದಳು. ದೊಡ್ಡಪ್ಪ ಶ್ರೀರಂಗಪಟ್ಟಣದಿಂದ ಮಲ್ಲಿಗೆ ತರಿಸಿದ. ಅವ್ವ ಅದನ್ನು ಮುಟ್ಟಲಿಲ್ಲ. ತನ್ನ ಕನಕಾಂಬರವನ್ನೆಲ್ಲ ಕಿತ್ತು ಕಟ್ಟಿ ಮುಡಿಸಿದಳು, ಅಂಗಡಿಯದನ್ನು ಬೇರೆಯವರು ಅದರ ಮೇಲೆ ಮುಡಿಸಿದರು. ಅವ್ವ ಅಳಲಿಲ್ಲ. ನಾನೂ ಅಳಲಿಲ್ಲ. ಎದೆಯೊಳಗೆ ಏನೋ ಮರಗಟ್ಟಿಹೋಗಿತ್ತು. ಇಷ್ಟು ವರ್ಷವಾದರೂ ಅದು ಪೂರಾ ಬಿಟ್ಟಿಲ್ಲ, ಆ ದಿನವನ್ನು ನಾನು ಬೇರೆ ಯಾರದೋ ಮನೆಯಲ್ಲಿ ನಡೆದ ಹಾಗೆ ನೆನೆಯುತ್ತೇನೆ.

ತಿಥಿ ಮುಗಿಯಿತು. ಅವ್ವ ಅಡುಗೆ ಮಾಡಿದಳು, ಹಸು ಕರೆದಳು, ಕರೆದರೆ ಓಗೊಟ್ಟಳು. ಅಂಗಳಕ್ಕೆ ಮಾತ್ರ ನೀರು ಒಯ್ಯಲಿಲ್ಲ. ಬೇಕೆಂದು ನಿಲ್ಲಿಸಿದ್ದಲ್ಲ, ಹಾಕಬೇಕೆಂಬುದೇ ಅವಳಿಗೆ ತೋಚಿದಂತಿರಲಿಲ್ಲ. ನಮಗೂ ತೋಚಲಿಲ್ಲ. ಕನಕಾಂಬರ ವಾರದೊಳಗೆ ಜೋತು, ಆಮೇಲೆ ಒಣಗಿ ಕಡ್ಡಿಯಾಯಿತು. ಮಲ್ಲಿಗೆಯ ಎಲೆಗಳು ಹಳದಿಯಾಗಿ ಉದುರಿ, ಬರೀ ರೆಂಬೆ ಉಳಿದವು. ಆಮೇಲೆ ನಡುಬೇಸಿಗೆಯ ಭರಣಿ ಮಳೆ ಬಂತು. ಮೂರ್ನಾಲ್ಕು ಸಲ ಚೆನ್ನಾಗಿ ಹುಯ್ದು, ಬಿಸಿಲು ಬಂದು, ಒಂದು ಬೆಳಿಗ್ಗೆ ನಾನು ಬಾಗಿಲು ತೆರೆದರೆ ಬಲಗಡೆ ಎಲ್ಲ ಬೆಳ್ಳಗಿತ್ತು. ದೊಡ್ಡವ್ವ ಇದ್ದಾಗಲೂ ಅಷ್ಟು ಬಿಟ್ಟದ್ದನ್ನು ನಾನು ಕಂಡಿರಲಿಲ್ಲ.

ಅವ್ವ ಬಂದು ನೋಡಿದಳು. ಜಗುಲಿಯ ಮೇಲೆ ಕೂತಿದ್ದ ದೊಡ್ಡಪ್ಪ ಮೆಲ್ಲಗೆ, “ಕಿತ್ಕೊಡವ್ವ, ಗುಡ್ಡೆ ಮ್ಯಾಲೆ ಇಕ್ಬುಟ್ ಬತ್ತೀನಿ” ಅಂದ. ಹೊಲದಲ್ಲಿ ದೊಡ್ಡವ್ವನನ್ನು ಮಣ್ಣು ಮಾಡಿದ ಜಾಗ ಅದು.

“ಓಗಾವಾಗ ಮುಡ್ಸು ಅಂದಿತ್ತು ಅಕ್ಕ” ಅಂದಳು ಅವ್ವ. “ಓದ್ಮೇಲೆ ಇಕ್ಕು ಅಂದಿರ್ಲಿಲ್ಲ ಬಾವ.”

ಅವಳು ಒಳಗೆ ಹೋದಳು, ಒಲೆ ಊದುವುದು ಕೇಳಿಸಿತು. ಹೂವು ಗಿಡದಲ್ಲೇ ಅರಳಿ, ಗಿಡದಲ್ಲೇ ಕಂದಿ, ಒದ್ದೆ ನೆಲದ ಮೇಲೆ ಉದುರಿತು. ಆ ಬೇಸಿಗೆಯೆಲ್ಲ ಮನೆಯೊಳಗೆ ಘಮ್ಮೆನ್ನುತ್ತಿತ್ತು, ನಾವು ಉಂಡು ಮಲಗುತ್ತಿದ್ದೆವು.